ಸೀಸದ ಗುಂಡಿಗೆ ಮೇಣದ ಅಂಗಿ

ಎನ್.ಸಿ.ಸಿ. ಶಿಬಿರದಿಂದ ಮನೆಗೆ ಮರಳಿದ ಮಕ್ಕಳು ಮೊದಲು ಹೇಳುವುದು ಗುರಿ ಹೊಡೆದ ಕತೆ. ಅದರ ಹಿಂದೆಯೇ ಬರುವುದು ‘ಚಿಂದಿ’ಯ ಕತೆ. ಗುಂಡು ಹಾರಿಸಿ ಮುಗಿದ ಮೇಲೆ ರೈಫಲ್ಲಿನ ನಳಿಗೆಯೊಳಕ್ಕೆ ‘ಪುಲ್‌ಥ್ರೂ’ ಹಗ್ಗ ಇಳಿಬಿಟ್ಟು, ಅದಕ್ಕೆ ಬಟ್ಟೆಯ ಚಿಂದಿ ಸಿಕ್ಕಿಸಿ ಎಳೆಯಬೇಕು. ನಳಿಗೆಯನ್ನು ಬೆಳಕಿಗೆ ಹಿಡಿದಾಗ ಒಳಗೆ ಕನ್ನಡಿಯಂತೆ ಹೊಳೆಯದಿದ್ದರೆ ಮತ್ತೆ ಎಳೆಯಬೇಕು.

ಈ ಶಿಬಿರಗಳಲ್ಲಿ ಬಳಸುವ .22 ರೈಫಲ್ಲಿನ ಗುಂಡು ಸಾಮಾನ್ಯವಾಗಿ ಸುಮಾರು 2.6 ಗ್ರಾಂ ತೂಕದ ಸೀಸದ ತುಂಡು. ಮುಟ್ಟಿದರೆ ಬೆರಳಿಗೆ ತುಸು ಜಿಡ್ಡು ಅಂಟುತ್ತದೆ. ಅದು ಕೊಳೆಯಲ್ಲ, ಕಾರ್ಖಾನೆಯಲ್ಲಿ ಬೇಕೆಂದೇ ಹಚ್ಚಿದ ಮೇಣ. ಆ ತೆಳು ಪದರ ಇಲ್ಲದಿದ್ದರೆ ಎಷ್ಟು ಚಿಂದಿ ಎಳೆದರೂ ಹೋಗದಂತೆ ಸೀಸ ನಳಿಗೆಯ ಗೋಡೆಗೆ ಮೆತ್ತಿಕೊಂಡೀತು. ಬೆರಳಿಗೆ ಅಂಟುವ ಈ ಜಿಡ್ಡಿನ ಹಿಂದೆ ವಿಜ್ಞಾನದ ಪಾಠವಿದೆ. ನಮ್ಮ ಇತಿಹಾಸದ ಒಂದು ದೊಡ್ಡ ಅಧ್ಯಾಯವೂ ಇದೆ.

ಸೀಸ ಏಕೆ ಮೆತ್ತಿಕೊಳ್ಳುತ್ತದೆ?

ಸೀಸ ಭಾರವಾದ ಲೋಹ. ಕೇವಲ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಎರಕ ಹೊಯ್ಯುವುದೂ ಸುಲಭ. ಆದ್ದರಿಂದಲೇ ಕೋವಿ ಹುಟ್ಟಿದ ಕಾಲದಿಂದ ಗುಂಡಿಗೆ ಸೀಸವೇ ಆಯ್ಕೆ. ಆದರೆ ಅದು ಬಲು ಮೆದು. ಉಗುರಿನಲ್ಲಿ ಗೀರಿದರೂ ಗುರುತು ಬೀಳುತ್ತದೆ.

ರೈಫಲ್, ಪಿಸ್ತೂಲು, ರಿವಾಲ್ವರುಗಳ ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಕಾರದ ತೋಡುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಗುರಿ ನೇರವಾಗುತ್ತದೆ. ಮೆದು ಸೀಸ ಉಕ್ಕಿನ ಈ ತೋಡುಗಳಿಗೆ ಉಜ್ಜಿಕೊಂಡು ಓಡುವಾಗ ಹಿಂದಿನಿಂದ ಸಿಡಿಮದ್ದಿನ ಬಿಸಿ ಅನಿಲ ಒತ್ತುತ್ತಿರುತ್ತದೆ. ಗುಂಡಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದಿಯಿದ್ದರೂ ಸಾಕು, ಅನಿಲ ಅಲ್ಲಿ ನುಗ್ಗಿ ಗುಂಡಿನ ಪಕ್ಕೆಯನ್ನು ಕೊರೆಯುತ್ತದೆ. ಹಾಗೆ ಕಿತ್ತುಬಂದ ಸೀಸ ಗೋಡೆಗೆ ಎರಚಿದಂತೆ ಅಂಟುತ್ತದೆ. ಮುಂದಿನ ಗುಂಡು ಅದರ ಮೇಲೆ ಹಾದು ಇನ್ನಷ್ಟು ಸೀಸ ಬಿಡುತ್ತದೆ. ತೋಡುಗಳು ತುಂಬಿದಂತೆ ಗುರಿ ಕೆಡುತ್ತದೆ. ಮಿತಿಮೀರಿದರೆ ನಳಿಗೆಯೊಳಗಿನ ಒತ್ತಡವೂ ಅಪಾಯದ ಮಟ್ಟಕ್ಕೆ ಏರಬಹುದು.

ಕೊಬ್ಬು ಹಚ್ಚಿದ ಕಾಡತೂಸು

ಹಳೆಯ ಬಂದೂಕಿನ ನಳಿಗೆ ನುಣುಪು. ಅದರಲ್ಲಿ ಗುಂಡು ಸಡಿಲವಾಗಿ ಉರುಳುತ್ತಿತ್ತು. ನೂರು ಗಜದಾಚೆಗೆ ಗುರಿಯನ್ನು ನಂಬುವಂತಿರಲಿಲ್ಲ. 1849ರಲ್ಲಿ ಫ್ರಾನ್ಸಿನ ಕ್ಲೋಡ್ ಎತಿಯೆನ್ ಮಿನಿಯೆ ಬುಡದಲ್ಲಿ ಟೊಳ್ಳಿರುವ ಶಂಕುವಿನಾಕಾರದ ಗುಂಡನ್ನು ರೂಪಿಸಿದ. ತುಂಬುವಾಗ ಅದು ಸಲೀಸಾಗಿ ಒಳಗಿಳಿಯುತ್ತಿತ್ತು. ಸಿಡಿದಾಗ ಬುಡ ಹಿಗ್ಗಿ ತೋಡುಗಳನ್ನು ಕಚ್ಚುತ್ತಿತ್ತು. ಇದೇ ತತ್ತ್ವವನ್ನು ಬಳಸಿದ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಬ್ರಿಟಿಷ್ ಸೇನೆಗೆ ಬಂತು.

ಹಿಗ್ಗಿದ ಸೀಸ ಗೋಡೆಗೆ ಉಜ್ಜದಿರಬೇಕು, ಮದ್ದಿನ ಮಸಿ ಗಟ್ಟಿಯಾಗದಿರಬೇಕು. ಅದಕ್ಕಾಗಿ ಗುಂಡನ್ನು ಸುತ್ತಿದ ಕಾಗದಕ್ಕೆ ಕೊಬ್ಬು ಮತ್ತು ಜೇನುಮೇಣ ಬೆರೆಸಿದ ಜಿಡ್ಡು ಹಚ್ಚುತ್ತಿದ್ದರು. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಸರಿಯಾದ ಉತ್ತರವೇ. ಆದರೆ ಸಿಪಾಯಿ ಆ ಕಾಡತೂಸನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಕೊಬ್ಬು ಯಾವ ಪ್ರಾಣಿಯದೆಂದು ಖಚಿತಪಡಿಸಿಕೊಳ್ಳುವ ಗೋಜಿಗೆ ಅಧಿಕಾರಿಗಳು ಹೋಗಿರಲಿಲ್ಲ. 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ದಮ್‌ದಮ್‌ನಲ್ಲಿ ಹಸು ಮತ್ತು ಹಂದಿಯ ಕೊಬ್ಬಿನ ಮಾತು ಹಬ್ಬಿತು. ಎಚ್ಚೆತ್ತ ಸರ್ಕಾರ ಅದೇ ತಿಂಗಳು, ಜಿಡ್ಡಿಲ್ಲದ ಕಾಡತೂಸು ಕೊಡುವುದಾಗಿಯೂ ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ಬಜಾರಿನಿಂದ ತಂದು ಹಚ್ಚಿಕೊಳ್ಳಬಹುದೆಂದೂ ಹೇಳಿತು. ಕಚ್ಚುವ ಬದಲು ಕೈಯಿಂದ ಹರಿಯುವ ಕವಾಯತೂ ಬಂತು.

ಅಷ್ಟರಲ್ಲಿ ನಂಬಿಕೆ ಮುರಿದಿತ್ತು. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರ ಪೈಕಿ 85 ಮಂದಿ ಕಾಡತೂಸು ಮುಟ್ಟಲೊಲ್ಲೆವೆಂದರು. ಅಂದು ಕೊಟ್ಟದ್ದು ಹಳೆಯ ಬಗೆಯದೇ ಆಗಿದ್ದರೂ ಅವರು ನಂಬಲಿಲ್ಲ. ಮೇ 9ರಂದು ಅವರಿಗೆ ಎಲ್ಲರೆದುರು ಬೇಡಿ ತೊಡಿಸಲಾಯಿತು. ಮರುದಿನ ಮೀರತ್ ಹೊತ್ತಿಕೊಂಡಿತು. ದಂಗೆಗೆ ಕಾರಣಗಳು ಹಲವು. ಜಿಡ್ಡು ಅದಕ್ಕೆ ತಗುಲಿದ ಕಿಡಿ ಮಾತ್ರ. ಮೇಣ, ಎಣ್ಣೆಗಳಿಂದಲೂ ಆಗುವ ಕೆಲಸಕ್ಕೆ, ಬಳಸುವವರನ್ನು ಒಂದು ಮಾತು ಕೇಳದೆ ಕೊಬ್ಬು ಹಚ್ಚಿದ್ದರ ಬೆಲೆ ಅದು.

ಗಟ್ಟಿಯಾದರೆ ಸಾಲದು

ಸೀಸ ಮೆತ್ತುವ ಸಮಸ್ಯೆ ಇಂದಿಗೂ ಮುಗಿದಿಲ್ಲ. ಅಮೆರಿಕದಲ್ಲಿ ರಿವಾಲ್ವರು, ಪಿಸ್ತೂಲುಗಳಿಗೆ ಮನೆಯಲ್ಲೇ ಗುಂಡು ಎರಕ ಹೊಯ್ದುಕೊಳ್ಳುವ ಹವ್ಯಾಸಿಗಳು ಬಹಳ ಮಂದಿ ಇದ್ದಾರೆ. (ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ.) ನಳಿಗೆಯಲ್ಲಿ ಸೀಸ ಕಂಡೊಡನೆ ಹೊಸಬರಿಗೆ ಹೊಳೆಯುವ ಪರಿಹಾರ ಒಂದೇ: ಗುಂಡನ್ನು ಇನ್ನಷ್ಟು ಗಟ್ಟಿ ಮಾಡುವುದು. ಸೀಸಕ್ಕೆ ತವರ ಮತ್ತು ಆಂಟಿಮನಿ ಬೆರೆಸಿದರೆ ಅದು ಗಟ್ಟಿಯಾಗುತ್ತದೆ. ಮುದ್ರಣಾಲಯಗಳಲ್ಲಿ ಒಂದು ಕಾಲಕ್ಕೆ ಕೈಯಿಂದ ಜೋಡಿಸುತ್ತಿದ್ದ ಅಚ್ಚಿನ ಮೊಳೆಗಳೂ ಇದೇ ಜಾತಿಯ ಮಿಶ್ರಲೋಹದವು. ಬ್ರಿನೆಲ್ ಮಾನದಲ್ಲಿ ಶುದ್ಧ ಸೀಸದ ಗಡಸುತನ ಸುಮಾರು 5. ಲೈನೋಟೈಪ್ ಯಂತ್ರದ ಲೋಹದ್ದು ಸುಮಾರು 22. ಹಳೆಯ ಪ್ರೆಸ್ಸುಗಳು ಮುಚ್ಚಿದಾಗ ಈ ಲೋಹವನ್ನು ಕೊಂಡು ಗುಂಡು ಹೊಯ್ದವರು ಎಷ್ಟೋ ಮಂದಿ.

ಆದರೆ ಗಟ್ಟಿ ಗುಂಡೂ ಸೀಸ ಬಿಡಬಲ್ಲದು! ಒತ್ತಡ ಕಡಿಮೆಯಿರುವ ರಿವಾಲ್ವರಿನಲ್ಲಿ ಅತಿ ಗಟ್ಟಿ ಗುಂಡು ಹಿಗ್ಗುವುದಿಲ್ಲ, ಸಂದಿ ಮುಚ್ಚುವುದಿಲ್ಲ, ಅನಿಲ ನುಗ್ಗುತ್ತದೆ. ಆದ್ದರಿಂದ ಅನುಭವಿಗಳು ಮೊದಲು ನೋಡುವುದು ಅಳತೆಯನ್ನು. ಮೆದು ಸೀಸದ ಗುಂಡೊಂದನ್ನು ಖಾಲಿ ನಳಿಗೆಯಲ್ಲಿ ತಳ್ಳಿ ಹೊರತೆಗೆದು, ಅದರ ಅಡ್ಡಳತೆಯನ್ನು ಮೈಕ್ರೋಮೀಟರಿನಲ್ಲಿ ಅಳೆಯುತ್ತಾರೆ. ಎರಕದ ಗುಂಡು ಅದಕ್ಕಿಂತ ಇಂಚಿನ ಸಾವಿರದಲ್ಲೊಂದು ಪಾಲಿನಷ್ಟು ದಪ್ಪವಿರಬೇಕು. ರಿವಾಲ್ವರಿನಲ್ಲಿ ಇನ್ನೊಂದು ತೊಡಕಿದೆ. ಗುಂಡು ನಳಿಗೆಗೆ ಬರುವ ಮುನ್ನ ತಿರುಗುವ ಉರುಳೆಯ ರಂಧ್ರದ ಬಾಯಿಯನ್ನು ದಾಟುತ್ತದೆ. ಆ ಬಾಯಿ ನಳಿಗೆಗಿಂತ ಕಿರಿದಾಗಿದ್ದರೆ, ಸರಿಯಳತೆಯ ಗುಂಡೂ ಅಲ್ಲಿ ಹಿಂಡಿಸಿಕೊಂಡು ಸಣ್ಣದಾಗಿಬಿಡುತ್ತದೆ. ಆಗ ದೋಷ ಇರುವುದು ಗುಂಡಿನಲ್ಲಲ್ಲ, ಅದು ಬಂದ ದಾರಿಯಲ್ಲಿ.

ಅಳತೆ ಸರಿಹೋದ ಮೇಲೆ ಒತ್ತಡಕ್ಕೆ ತಕ್ಕ ಗಡಸುತನ, ಆಮೇಲೆ ಮೇಣ. ಗುಂಡಿನ ಸುತ್ತ ಇರುವ ಗೀರಿನಲ್ಲಿ ತುಂಬುವ ಜಿಡ್ಡಿನಲ್ಲಿ ಜೇನುಮೇಣಕ್ಕೆ ಇಂದಿಗೂ ಮಾನವಿದೆ. ವೇಗ ಹೆಚ್ಚಾದರೆ ಗುಂಡಿನ ಬುಡಕ್ಕೆ ತಾಮ್ರದ ಪುಟ್ಟ ಬಟ್ಟಲು ತೊಡಿಸುತ್ತಾರೆ. 1882ರಲ್ಲಿ ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ ಇಡೀ ಗುಂಡಿಗೇ ತಾಮ್ರದ ಕವಚ ಹೊದಿಸಿದ. ಸೇನೆಗಳು ಆ ದಾರಿ ಹಿಡಿದವು. ಮೆತ್ತಿದ ಸೀಸವನ್ನು ಕವಚದ ಗುಂಡು ಹಾರಿಸಿ ಕೀಳುವ ಅಡ್ಡದಾರಿ ಮಾತ್ರ ಸಲ್ಲದು; ಒತ್ತಡ ಏರುವ ಅಪಾಯವಿದೆ. ಕಂಚಿನ ಬ್ರಷ್ಷಿಗೆ ಪಾತ್ರೆ ಉಜ್ಜುವ ತಾಮ್ರದ ಎಳೆ ಸುತ್ತಿ ತಿಕ್ಕುವುದೇ ಲೇಸು.

ಕೈಗೆ ಅಂಟಿದ್ದು

ನಳಿಗೆಗೆ ಅಂಟುವ ಸೀಸಕ್ಕಿಂತ ಮೈಯೊಳಕ್ಕೆ ಇಳಿಯುವ ಸೀಸ ಹೆಚ್ಚಿನ ಚಿಂತೆಯದು. ಅದು ಮಕ್ಕಳ ಮಿದುಳಿನ ಬೆಳವಣಿಗೆಗೆ ಕುತ್ತು ತರುತ್ತದೆ. ರಕ್ತದಲ್ಲಿ ಇಷ್ಟು ಸೀಸವಿದ್ದರೆ ಹಾನಿಯಿಲ್ಲ ಎನ್ನಬಹುದಾದ ಮಟ್ಟ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೀಸ ಬೆರೆತ ಪೆಟ್ರೋಲನ್ನು ನಮ್ಮ ದೇಶ 2000ದಲ್ಲಿ ಕೈಬಿಟ್ಟದ್ದೂ ಈ ಕಾರಣಕ್ಕೇ. ಗುಂಡು ಹಾರಿಸಿದಾಗ ಏಳುವ ಹೊಗೆಯಲ್ಲಿ, ಏರ್ ರೈಫಲ್ಲಿನ ಪೆಲೆಟ್ ಹಿಡಿದ ಬೆರಳಲ್ಲಿ, ನಳಿಗೆ ಒರೆಸಿದ ಚಿಂದಿಯಲ್ಲಿ ಸೀಸ ಇದ್ದೇ ಇರುತ್ತದೆ.

ಆದ್ದರಿಂದ ಶೂಟಿಂಗ್ ಕಲಿಯುವ ಮಕ್ಕಳಿಗೆ ತಂದೆತಾಯಿ ಕಲಿಸಬೇಕಾದ ಅಭ್ಯಾಸಗಳು ಸರಳ: ರೇಂಜಿನಲ್ಲಿ ತಿಂಡಿ ಬೇಡ, ಪೆಲೆಟ್ಟನ್ನು ಬಾಯಲ್ಲಿ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ, ಊಟಕ್ಕೆ ಮುನ್ನ ಸೋಪು ಹಚ್ಚಿ ಕೈ ತೊಳೆಯಬೇಕು, ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು. ನಳಿಗೆ ಹೊಳೆಯುವವರೆಗೆ ಚಿಂದಿ ಎಳೆಯುವ ಕೈಗಳು ತಾವೂ ಅಷ್ಟೇ ಶುಚಿಯಾಗಿ ಊಟಕ್ಕೆ ಕೂರಲಿ.