ಡಾಲಿಯನ್ನು ಮಾಡಿದ್ದು ಯಾರು?

ತದ್ರೂಪಿ ಕುರಿ ಡಾಲಿಯ ಹೆಸರು ಕೇಳದವರು ವಿರಳ. ಅದರ ಜನಕ ಯಾರೆಂದರೆ ತಿಳಿದವರು ಇಯಾನ್ ವಿಲ್ಮಟ್ ಎನ್ನುತ್ತಾರೆ. ಆದರೆ ಅದೇ ವಿಲ್ಮಟ್ 2006ರಲ್ಲಿ ಎಡಿನ್‌ಬರೋದ ನ್ಯಾಯಮಂಡಳಿಯೊಂದರ ಮುಂದೆ, ಈ ಕೀರ್ತಿಯಲ್ಲಿ ಶೇ. 66ರಷ್ಟು ಸಹೋದ್ಯೋಗಿ ಕೀತ್ ಕ್ಯಾಂಪ್‌ಬೆಲ್‌ಗೆ ಸಲ್ಲಬೇಕೆಂದು ಒಪ್ಪಿಕೊಂಡರು.

1954ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಕ್ಯಾಂಪ್‌ಬೆಲ್ ಮೊದಲು ವೈದ್ಯಕೀಯ ಪ್ರಯೋಗಾಲಯದ ತಂತ್ರಜ್ಞ. ಬಳಿಕ ಸೂಕ್ಷ್ಮಜೀವಿಶಾಸ್ತ್ರ ಓದಿ, ಜೀವಕೋಶ ಬೆಳೆದು ಎರಡಾಗುವ ಬಗೆಯ ಬೆನ್ನುಹತ್ತಿದರು. 1991ರಲ್ಲಿ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆ ಸೇರುವಾಗ ಈ ಜ್ಞಾನವೇ ಅವರ ಬಂಡವಾಳ.

ತದ್ರೂಪಿ ತಯಾರಿಕೆ ಹೇಳಲು ಸುಲಭ. ಅಂಡಾಣುವಿನ ಕೋಶಕೇಂದ್ರವನ್ನು ತೆಗೆದು, ನಕಲಾಗಬೇಕಾದ ಪ್ರಾಣಿಯ ಕೋಶವನ್ನು ಅದರೊಡನೆ ಬೆಸೆಯಬೇಕು. ಕಪ್ಪೆಗಳಲ್ಲಿ ಜಾನ್ ಗರ್ಡನ್ ಕೋಶಕೇಂದ್ರದ ಇಂಥ ಅದಲುಬದಲನ್ನು 1962ರಲ್ಲೇ ವರದಿ ಮಾಡಿದ್ದರು. ಸಸ್ತನಿಗಳಲ್ಲಿ ಮಾತ್ರ ಬೆಳೆದ ಪ್ರಾಣಿಯ ಕೋಶ ಜಗ್ಗುತ್ತಿರಲಿಲ್ಲ. ಚರ್ಮದ ಕೆಲಸ ಕಲಿತ ಕೋಶ ಮತ್ತೆ ಇಡೀ ಪ್ರಾಣಿಯಾಗದು ಎಂದು ಹಲವರು ಕೈಚೆಲ್ಲಿದ್ದರು. ಕ್ಯಾಂಪ್‌ಬೆಲ್‌ಗೆ ಕಂಡ ತೊಡಕೇ ಬೇರೆ: ಹೊತ್ತು ಹೊಂದುತ್ತಿಲ್ಲ. ವಿಭಜನೆಗೆ ಅಣಿಯಾಗುವ ಕೋಶ ತನ್ನ ವರ್ಣತಂತುಗಳನ್ನು ಇಮ್ಮಡಿಸಿಕೊಳ್ಳುತ್ತದೆ. ಆ ನಡುವೆ ಅಂಡಾಣುವಿಗೆ ಸೇರಿಸಿದರೆ ಲೆಕ್ಕ ತಪ್ಪಿ ಅವು ಕೆಡುತ್ತವೆ. ಹಾಗಾದರೆ ಕೋಶವನ್ನು ಕೆಲವು ದಿನ ಉಪವಾಸ ಕೆಡವಿದರೆ? ಪೋಷಕಾಂಶ ಸಾಲದೆ ಅದು ವಿಭಜನೆ ನಿಲ್ಲಿಸಿ ನಿದ್ದೆಗೆ ಜಾರುತ್ತದೆ. ಆಗ ಅಂಡಾಣುವಿಗೆ ಒಪ್ಪಿಸುವುದು.

ಉಪಾಯ 1995ರಲ್ಲಿ ಫಲಿಸಿತು. ಭ್ರೂಣದ ಕೋಶಗಳಿಂದ ಮೇಗನ್, ಮೊರಾಗ್ ಎಂಬ ಎರಡು ಮರಿಗಳು ಹುಟ್ಟಿದವು. ನಿಜವಾಗಿ ದಾರಿ ತೆರೆದದ್ದು ಇವೇ. ಇಂದು ಇವುಗಳ ಹೆಸರು ಎಷ್ಟು ಜನಕ್ಕೆ ಗೊತ್ತು? ಮರುವರ್ಷ ಜುಲೈ 5ರಂದು, ಆರು ವರ್ಷದ ಕುರಿಯೊಂದರ ಕೆಚ್ಚಲಿನ ಕೋಶದಿಂದ ಡಾಲಿ ಬಂತು. ಬೆಸೆದ 277 ಅಂಡಾಣುಗಳಲ್ಲಿ ಭ್ರೂಣವಾಗಿ ಬೆಳೆದವು 29. ಹುಟ್ಟಿದ್ದು ಒಂದೇ ಮರಿ.

1997ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಬಂಧದಲ್ಲಿ ವಿಲ್ಮಟ್ ಹೆಸರು ಮೊದಲು, ಕ್ಯಾಂಪ್‌ಬೆಲ್ ಹೆಸರು ಕೊನೆಗೆ. ವಿಜ್ಞಾನಿಗಳ ರೂಢಿಯಲ್ಲಿ ಕೊನೆಯ ಸ್ಥಾನವೂ ಗೌರವದ್ದೇ. ಟಿವಿ ಕ್ಯಾಮೆರಾಗಳಿಗೆ ಅದು ತಿಳಿಯಬೇಕಲ್ಲ! ವಿಲ್ಮಟ್ ಏನೂ ಮಾಡಲಿಲ್ಲವೆಂದಲ್ಲ. 1973ರಲ್ಲೇ ಹೆಪ್ಪುಗಟ್ಟಿಸಿದ ಭ್ರೂಣದಿಂದ ಕರು ಹುಟ್ಟಿಸಿದವರು, ತಂಡವನ್ನು ಮುನ್ನಡೆಸಿದವರು. ಆದರೂ 2008ರಲ್ಲಿ ‘ಸರ್’ ಪದವಿ ಬಂದದ್ದು ಅವರೊಬ್ಬರಿಗೇ. ಅದೇ ವರ್ಷದ ಶಾ ಪ್ರಶಸ್ತಿಯನ್ನು ಮಾತ್ರ ಇಬ್ಬರೂ ಜಪಾನಿನ ಶಿನ್ಯಾ ಯಮನಕ ಅವರೊಂದಿಗೆ ಹಂಚಿಕೊಂಡರು.

1999ರಿಂದ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಕ್ಯಾಂಪ್‌ಬೆಲ್ 2012ರ ಅಕ್ಟೋಬರ್ 5ರಂದು, 58ನೇ ವಯಸ್ಸಿನಲ್ಲಿ ತೀರಿಕೊಂಡರು. ಮೂರೇ ದಿನಗಳಲ್ಲಿ ಗರ್ಡನ್ ಮತ್ತು ಯಮನಕರಿಗೆ ನೊಬೆಲ್ ಘೋಷಣೆಯಾಯಿತು. ಡಾಲಿಯದೇ ಮೂಲಕೋಶಗಳಿಂದ ಕ್ಯಾಂಪ್‌ಬೆಲ್ 2007ರಲ್ಲಿ ಪಡೆದ ನಾಲ್ಕು ಕುರಿಗಳು ಆಗಿನ್ನೂ ನಾಟಿಂಗ್‌ಹ್ಯಾಮ್‌ನಲ್ಲಿ ಆರೋಗ್ಯವಾಗಿದ್ದವು.