ಶನಿವಾರ ಬೆಳಗಿನ ರಗ್ಬಿ



ನಮ್ಮ ಗೋಡೆ ಪತ್ರಿಕೆಯಲ್ಲಿ ಕ್ರಿಕೆಟ್ ಬಗ್ಗೆ ಬೇಕಾದಷ್ಟು ಬಂದಿದೆ. ಕಬಡ್ಡಿ, ಖೊಖೊ ಬಗ್ಗೆಯೂ ಬಂದಿದೆ. ಈ ಸಲ ನಾನು ನಮ್ಮೂರಲ್ಲಿ ಯಾರೂ ಆಡದ ಒಂದು ಆಟದ ಬಗ್ಗೆ ಬರೆಯುತ್ತಿದ್ದೇನೆ. ಅದೇ ರಗ್ಬಿ. ಟಿ.ವಿ.ಯಲ್ಲಿ ತೋರಿಸುವ ದೊಡ್ಡವರ ರಗ್ಬಿ ಅಲ್ಲ. ನ್ಯೂಜಿಲೆಂಡ್ ದೇಶದಲ್ಲಿ ನಮ್ಮ ವಯಸ್ಸಿನವರು, ನಮಗಿಂತ ಚಿಕ್ಕವರು ತಮ್ಮ ತಮ್ಮ ಊರಿನ ಕ್ಲಬ್ಬಿಗಾಗಿ ಶನಿವಾರ ಶನಿವಾರ ಆಡುವ ರಗ್ಬಿ.

ನಿನಗೆ ಹೇಗೆ ಗೊತ್ತು ಅಂತ ನೀವು ಕೇಳಬಹುದು. ನನ್ನ ಸೋದರಮಾವ ಆಕ್ಲೆಂಡಿನಲ್ಲಿ ಕೆಲಸಕ್ಕಿದ್ದಾರೆ. ಅವರ ಮಗನಿಗೆ ಹತ್ತು ವರ್ಷ, ಅಲ್ಲಿ ಆಡ್ತಾನೆ. ಡಿಸೆಂಬರ್ ರಜೆಗೆ ಇಲ್ಲಿ ಬಂದಿದ್ದಾಗ ಅವನ ಬಾಯಿಂದ ಕೇಳಿದ್ದನ್ನೆಲ್ಲ ರಫ್ ಬುಕ್ಕಿನಲ್ಲಿ ಬರೆದುಕೊಂಡೆ. ಉಳಿದದ್ದನ್ನು ಓದಿ ತಿಳಿದುಕೊಂಡೆ.

ಮೊದಲು ಆಟ ಹೇಗೆ ಅಂತ ಹೇಳಿಬಿಡುತ್ತೇನೆ. ರಗ್ಬಿ ಚೆಂಡು ಗುಂಡಗಿರುವುದಿಲ್ಲ, ಸಣ್ಣ ಪರಂಗಿ ಹಣ್ಣಿನ ಹಾಗೆ ಉದ್ದಕ್ಕಿರುತ್ತದೆ. ದೊಡ್ಡವರ ಚೆಂಡು ಸುಮಾರು 28ರಿಂದ 30 ಸೆಂಟಿಮೀಟರ್ ಉದ್ದ, ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ ತೂಕ. ಹಿಂದೆ ಇಂಗ್ಲೆಂಡಿನಲ್ಲಿ ಹಂದಿಯ ಮೂತ್ರಕೋಶಕ್ಕೆ ಗಾಳಿ ಊದಿ, ಮೇಲೆ ಚರ್ಮ ಹೊಲಿದು ಚೆಂಡು ಮಾಡ್ತಿದ್ದರಂತೆ, ಅದಕ್ಕೇ ಈ ಆಕಾರ. ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೋ ಆ ದೇವರಿಗೇ ಗೊತ್ತು. ಈ ಚೆಂಡನ್ನು ಹಿಡಿದುಕೊಂಡು ಓಡಬಹುದು, ಒದೆಯಬಹುದು, ಜೊತೆಯವರಿಗೆ ಎಸೆಯಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ. ಅಂದರೆ ಮುಂದೆ ಹೋಗಬೇಕಾದರೆ ಹಿಂದೆ ಇರುವವರ ಸಹಾಯ ಬೇಕು! ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ. ಅದಕ್ಕೆ 5 ಅಂಕ. ಆಮೇಲೆ ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಒದ್ದರೆ ಇನ್ನೂ 2. ಮೊದಲ ಕಾಲದಲ್ಲಿ ಗೆರೆ ದಾಟಿದ್ದಕ್ಕೆ ಅಂಕವೇ ಇರಲಿಲ್ಲ. ಹಾಗೆ ದಾಟಿದವರಿಗೆ ಕಂಬದ ಕಡೆ ಒದ್ದು ಪ್ರಯತ್ನ ಮಾಡುವ ಹಕ್ಕು ಸಿಗುತ್ತಿತ್ತು, ಅಷ್ಟೆ. ಪ್ರಯತ್ನ ಅನ್ನುವುದಕ್ಕೆ ಇಂಗ್ಲಿಷಿನ ಮಾತೇ ಟ್ರೈ. ಅದೇ ಹೆಸರು ಉಳಿದುಕೊಂಡಿತು.

ಚೆಂಡು ಹಿಡಿದು ಓಡುವವರನ್ನು ಎದುರಿನವರು ತಬ್ಬಿ ಕೆಡವಬಹುದು. ಇದನ್ನು ಟ್ಯಾಕಲ್ ಅಂತಾರೆ. ನಮ್ಮ ಕಬಡ್ಡಿಯಲ್ಲಿ ತೊಡೆ ಹಿಡಿದು ಕೆಡವುವುದಿಲ್ಲವೇ, ಹಾಗೆ. ಆದರೆ ಕಬಡ್ಡಿಯಲ್ಲಿ ಹಿಡಿದ ಮೇಲೆ ಆ ರೈಡ್ ಮುಗಿಯಿತು. ಇಲ್ಲಿ ಬಿದ್ದವರು ಚೆಂಡು ಬಿಡಬೇಕು, ಕೆಡವಿದವರು ಬಿದ್ದವರನ್ನು ಬಿಡಬೇಕು, ಆಟ ಮಾತ್ರ ನಿಲ್ಲುವುದಿಲ್ಲ. ಸಣ್ಣ ತಪ್ಪಿಗೆ ಆಟ ನಿಂತಾಗ ಎರಡು ತಂಡದ ಎಂಟೆಂಟು ಜನ ಬಗ್ಗಿ, ಭುಜಕ್ಕೆ ಭುಜ ಸೇರಿಸಿ ತಳ್ಳುತ್ತಾರೆ. ಅದು ಸ್ಕ್ರಮ್. ನಡುವೆ ಚೆಂಡು ಹಾಕುತ್ತಾರೆ, ಕಾಲಿನಿಂದ ಹಿಂದಕ್ಕೆ ಎಳೆದುಕೊಳ್ಳಬೇಕು. ಒಟ್ಟು ಒಂದು ತಂಡಕ್ಕೆ 15 ಜನ, ಆಟ 80 ನಿಮಿಷ. ರಗ್ಬಿ ಲೀಗ್ ಅಂತ 13 ಜನರ ಇನ್ನೊಂದು ಬಗೆಯೂ ಇದೆ. ನಾನು ಹೇಳ್ತಿರುವುದು ರಗ್ಬಿ ಯೂನಿಯನ್ ಬಗ್ಗೆ.

ನ್ಯೂಜಿಲೆಂಡಿಗೆ ಈ ಆಟ ತಂದವರು ಚಾರ್ಲ್ಸ್ ಮನ್ರೋ. ಇಂಗ್ಲೆಂಡಿಗೆ ಓದಲು ಹೋಗಿ ಅಲ್ಲಿ ಕಲಿತು ಬಂದು ಊರಿನವರಿಗೆ ಹೇಳಿಕೊಟ್ಟರು. 1870ರ ಮೇ 14ರಂದು ನೆಲ್ಸನ್ ಎಂಬ ಊರಿನಲ್ಲಿ ಮೊದಲ ಪಂದ್ಯ ನಡೆಯಿತು. ಆವತ್ತು ಆಡಿದ ಎರಡು ತಂಡದಲ್ಲಿ ಒಂದು ಊರಿನ ಕ್ಲಬ್ಬು, ಇನ್ನೊಂದು ವಿದ್ಯಾರ್ಥಿಗಳದು. ಅಂದರೆ ಆ ದೇಶದ ಮೊದಲ ರಗ್ಬಿ ಪಂದ್ಯ ಆಡಿದವರಲ್ಲಿ ಅರ್ಧ ಜನ ನಮ್ಮ ಹಾಗೆ ಓದುವ ಹುಡುಗರೇ!

ಈಗ ಶನಿವಾರದ ವಿಷಯಕ್ಕೆ ಬರೋಣ. ಅವರ ಚಳಿಗಾಲ ನಮ್ಮ ಮಳೆಗಾಲದಲ್ಲಿ ಬರುತ್ತದೆ. ಏಪ್ರಿಲ್-ಮೇಯಿಂದ ಆಗಸ್ಟ್‌ವರೆಗೆ ಆಟದ ಕಾಲ. ವಾರದ ನಡುವೆ ಒಂದೆರಡು ಸಂಜೆ ಅಭ್ಯಾಸ, ಶನಿವಾರ ಬೆಳಿಗ್ಗೆ ಪಂದ್ಯ. ಒಂದು ವಾರ ತಮ್ಮ ಮೈದಾನ, ಇನ್ನೊಂದು ವಾರ ಪಕ್ಕದ ಕ್ಲಬ್ಬಿನ ಮೈದಾನ. ಒಂದೇ ಮೈದಾನವನ್ನು ಅಡ್ಡ ಗೆರೆ ಎಳೆದು ಎರಡು ಮೂರು ಚಿಕ್ಕ ಮೈದಾನ ಮಾಡ್ತಾರೆ. ಒಂದು ಕಡೆ ಆರು ವರ್ಷದವರು, ಇನ್ನೊಂದು ಕಡೆ ಹತ್ತು ವರ್ಷದವರು ಒಟ್ಟಿಗೇ ಆಡ್ತಿರುತ್ತಾರೆ. ಮಧ್ಯಾಹ್ನ ಅದೇ ಜಾಗದಲ್ಲಿ ದೊಡ್ಡವರ ಪಂದ್ಯ. ಮಳೆ ಬಂದರೂ ಆಟ ಇದ್ದೇ ಇರುತ್ತದೆ, ಮೈದಾನ ಗದ್ದೆ ಆಗಿರುತ್ತದೆ. ಹಲವು ಕಡೆ ಪುಟ್ಟ ಮಕ್ಕಳು ಬರಿಗಾಲಲ್ಲೇ ಆಡುವ ರೂಢಿಯಂತೆ. ಇದನ್ನು ಕೇಳಿ ನಮ್ಮಜ್ಜಿಗೆ ಬಹಳ ಖುಷಿಯಾಯಿತು. ಅರ್ಧ ಆಟ ಆದಾಗ ಕಿತ್ತಳೆ ಹಣ್ಣಿನ ಹೋಳು ಕೊಡುತ್ತಾರೆ. ತರಬೇತಿ ಕೊಡುವವರು ಹೆಚ್ಚಾಗಿ ಯಾರದಾದರೂ ಅಪ್ಪ ಅಮ್ಮ. ಸಂಬಳ ಇಲ್ಲ. ಚಿಕ್ಕವರ ಪಂದ್ಯಕ್ಕೆ ಎಷ್ಟೋ ಸಲ ರೆಫರಿಯೂ ಅವರೇ.

ಇದನ್ನೆಲ್ಲ ಕೇಳಿದಾಗ ನನಗೆ ಬಂದ ಪ್ರಶ್ನೆ ಒಂದೇ. ಅಷ್ಟು ಒರಟು ಆಟವನ್ನು ಆರು ವರ್ಷದ ಮಗು ಹೇಗೆ ಆಡುತ್ತದೆ? ಉತ್ತರ ಏನೆಂದರೆ, ಆ ಮಗು ಆಡುವುದು ಆ ಆಟವೇ ಅಲ್ಲ. ನಾವು ಮಕ್ಕಳಿಗೆ ದೊಡ್ಡವರ ಅಂಗಿ ಹಾಕಿ, ಬೆಳೆದರೆ ಸರಿಹೋಗುತ್ತೆ ಅಂತೀವಲ್ಲ, ಅವರು ಹಾಗೆ ಮಾಡಿಲ್ಲ. ಆಟವನ್ನೇ ಮಕ್ಕಳ ಅಳತೆಗೆ ಕತ್ತರಿಸಿ ಹೊಲಿದಿದ್ದಾರೆ.

ಅತಿ ಚಿಕ್ಕವರದಕ್ಕೆ ರಿಪ್ಪಾ ರಗ್ಬಿ ಅಂತ ಹೆಸರು. ಒಂದು ಕಡೆಗೆ ಏಳು ಜನ. ಹುಡುಗರು ಹುಡುಗಿಯರು ಒಟ್ಟಿಗೇ ಆಡುತ್ತಾರೆ. ಪ್ರತಿಯೊಬ್ಬರ ಸೊಂಟಕ್ಕೆ ಒಂದು ಪಟ್ಟಿ, ಪಟ್ಟಿಯ ಎರಡು ಪಕ್ಕಕ್ಕೆ ಎರಡು ಬಟ್ಟೆಯ ಬಾಲ. ಚೆಂಡು ಹಿಡಿದವರನ್ನು ಕೆಡವುವಂತಿಲ್ಲ, ತಳ್ಳುವಂತಿಲ್ಲ, ಬಾಲ ಕಿತ್ತರೆ ಸಾಕು. ಕಿತ್ತವರು ಬಾಲ ಎತ್ತಿ ಹಿಡಿದು ಕೂಗಬೇಕು, ಆಗ ಚೆಂಡಿರುವವರು ಅದನ್ನು ಬೇರೆಯವರಿಗೆ ಕೊಡಬೇಕು. ಕಿತ್ತವರು ಬಾಲವನ್ನು ವಾಪಸ್ ಕೈಗೆ ಕೊಟ್ಟೇ ಮುಂದೆ ಆಡಬೇಕು. ಇದು ನನಗೆ ಬಹಳ ಇಷ್ಟವಾಯಿತು. ಓಡುವುದು, ತಪ್ಪಿಸಿಕೊಳ್ಳುವುದು, ಹಿಂದಕ್ಕೆ ಎಸೆಯುವುದು ಎಲ್ಲ ಇದರಲ್ಲೇ ಬಂದುಬಿಡುತ್ತದೆ, ಪೆಟ್ಟು ಮಾತ್ರ ಇಲ್ಲ.

ಆಮೇಲೆ ಮೆಲ್ಲಗೆ ಟ್ಯಾಕಲ್ ಬರುತ್ತದೆ. ಅದನ್ನು ಒಮ್ಮೆಲೇ ಓಡುತ್ತಾ ಕಲಿಸುವುದಿಲ್ಲ. ಮೊದಲು ಇಬ್ಬರೂ ಮಂಡಿಯೂರಿ, ಆಮೇಲೆ ನಿಂತು, ಆಮೇಲೆ ನಡೆಯುತ್ತಾ, ಕೊನೆಗೆ ಓಡುತ್ತಾ. ಭುಜ ತಾಗಬೇಕು, ಎರಡೂ ಕೈ ಸುತ್ತಿ ತಬ್ಬಬೇಕು, ತಲೆ ಎದುರಾಳಿಯ ಮೈಯ ಪಕ್ಕಕ್ಕೆ ಇರಬೇಕು, ಅವನ ಮುಂದೆ ಅಡ್ಡ ಬರಬಾರದು. ಬಂದರೆ ಅವನ ಮೊಣಕಾಲು ಬಂದು ತಲೆಗೇ ಬಡಿಯುತ್ತದೆ. ತಂಡದ ಸಂಖ್ಯೆಯೂ ಹೀಗೇ ಬೆಳೆಯುತ್ತದೆ, ಏಳು ಹೋಗಿ ಹತ್ತು, ಹತ್ತು ಹೋಗಿ ಹದಿನೈದು. ಚೆಂಡಿಗೂ 3, 4, 5 ಅಂತ ನಂಬರ್ ಇದೆ, ಕೈ ಬೆಳೆದ ಹಾಗೆ ಚೆಂಡು ದೊಡ್ಡದಾಗುತ್ತದೆ. ಚಿಕ್ಕವರ ಸ್ಕ್ರಮ್ಮಿನಲ್ಲಿ ಭುಜ ಸೇರಿಸುವುದಷ್ಟೇ, ತಳ್ಳುವಂತಿಲ್ಲ. ಹೈಸ್ಕೂಲು ಮುಗಿಸುವ ವಯಸ್ಸಿಗೆ ಬಂದರೂ ಪೂರ್ತಿ ಬಿಡುವುದಿಲ್ಲ. 19 ವರ್ಷದೊಳಗಿನವರು ಸ್ಕ್ರಮ್ಮಿನಲ್ಲಿ ಒಂದೂವರೆ ಮೀಟರಿಗಿಂತ ಹೆಚ್ಚು ತಳ್ಳಬಾರದು, ಆಟ ಅರ್ಧಕ್ಕೆ 35 ನಿಮಿಷಕ್ಕಿಂತ ಹೆಚ್ಚು ಇರಬಾರದು. ಈ ನಿಯಮ ಇಡೀ ಪ್ರಪಂಚಕ್ಕೆ ಅನ್ವಯಿಸುತ್ತದೆ. ಸ್ಕ್ರಮ್ ಕುಸಿದರೆ ಕುತ್ತಿಗೆಯ ಮೂಳೆಗೆ ಅಪಾಯ. ನ್ಯೂಜಿಲೆಂಡಿನಲ್ಲಿ 2001ರಿಂದ ತರಬೇತುದಾರರಿಗೂ ರೆಫರಿಗಳಿಗೂ ಸುರಕ್ಷತೆಯ ಪಾಠ ಕಡ್ಡಾಯ ಮಾಡಿದ ಮೇಲೆ ಸ್ಕ್ರಮ್ಮಿನಲ್ಲಿ ಬೆನ್ನುಹುರಿಗೆ ಪೆಟ್ಟಾಗುವುದು ಬಹಳ ಕಡಿಮೆಯಾಯಿತು.

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು ಅರ್ಧ ಆಟದ ನಿಯಮ. ಚಿಕ್ಕವರ ಪಂದ್ಯಕ್ಕೆ ಬಂದ ಪ್ರತಿಯೊಂದು ಮಗುವೂ ಕಡೇಪಕ್ಷ ಅರ್ಧ ಆಟ ಮೈದಾನದಲ್ಲಿ ಇರಲೇಬೇಕು. ಆಡಲು ಬರಲಿ, ಬರದಿರಲಿ. ನಮ್ಮಲ್ಲಿ ತಾಲ್ಲೂಕು ಪಂದ್ಯಕ್ಕೆ ಹೋದಾಗ ಎಕ್ಸ್‌ಟ್ರಾ ಆಟಗಾರರು ಏನು ಮಾಡ್ತಾರೆ ಅಂತ ನಿಮಗೆಲ್ಲ ಗೊತ್ತಿದೆ. ಚಪ್ಪಲಿ ಕಾಯುತ್ತಾರೆ, ನೀರಿನ ಕೊಡ ಹೊರುತ್ತಾರೆ. ಎರಡು ವರ್ಷ ಹೀಗೆ ಕಾದು ಆಟವೇ ಬೇಡ ಅಂದವರು ನಮ್ಮ ಕ್ಲಾಸಿನಲ್ಲೇ ಇದ್ದಾರೆ, ಹೆಸರು ಬರೆಯುವುದಿಲ್ಲ. ಆ ದೇಶದಲ್ಲೂ ಮಕ್ಕಳು ಹದಿಹರೆಯಕ್ಕೆ ಬರುವಷ್ಟರಲ್ಲಿ ಆಟ ಬಿಡುತ್ತಿದ್ದಾರೆ ಅಂತ ಚಿಂತೆ ಇದೆ. 2019ರಲ್ಲಿ ರಗ್ಬಿ, ಕ್ರಿಕೆಟ್, ಹಾಕಿ, ಫುಟ್‌ಬಾಲ್, ನೆಟ್‌ಬಾಲ್ ಐದೂ ಆಟದ ಸಂಸ್ಥೆಗಳು ಸೇರಿ, ಚಿಕ್ಕ ವಯಸ್ಸಿನಲ್ಲೇ ಚೆನ್ನಾಗಿ ಆಡುವವರನ್ನು ಮಾತ್ರ ಆರಿಸಿ ಉಳಿದವರನ್ನು ಬಿಡುವುದು ಬೇಡ, ಎಲ್ಲರೂ ಆಡಲಿ ಅಂತ ಒಪ್ಪಂದ ಮಾಡಿಕೊಂಡವು. ಗೆಲ್ಲುವ ಛಲ ಹೋಗುತ್ತದೆ ಅಂತ ಇದಕ್ಕೆ ವಿರೋಧವೂ ಬಂತು. ಚಪ್ಪಲಿ ಕಾದವರನ್ನು ಕೇಳಿದರೆ ಬೇರೆ ಉತ್ತರ ಬಂದೀತು.

ಇನ್ನು ವಯಸ್ಸು. ಅಂಡರ್ ಟೆನ್ ಅಂದರೆ ಆ ವರ್ಷದ ಜನವರಿ 1ಕ್ಕೆ ಹತ್ತು ತುಂಬಿರಬಾರದು. ನಮ್ಮ ಅಪ್ಪ, ದೊಡ್ಡಪ್ಪನ ಕಾಲದಲ್ಲಿ ಶಾಲೆಗೆ ಸೇರಿದವರ ಹುಟ್ಟಿದ ದಿನ ನೋಡಿ, ಊರಿನ ಅರ್ಧ ಜನ ಜೂನ್ 1ಕ್ಕೇ ಹುಟ್ಟಿರುತ್ತಾರೆ! ಅಲ್ಲಿ ಹಾಗೆ ನಡೆಯುವುದಿಲ್ಲ. ಆದರೂ ತೊಂದರೆ ಇದೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ತಂಡಕ್ಕೆ ಬರುತ್ತಾರೆ, ನಡುವೆ ಹೆಚ್ಚುಕಡಿಮೆ ಒಂದು ವರ್ಷ. ಆ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಒಂದು ಗೇಣು ಎತ್ತರ. ಅದಲ್ಲದೆ ಕೆಲವರು ಬೇಗ ಬೆಳೆಯುತ್ತಾರೆ. ನಮ್ಮ ಒಂಬತ್ತನೇ ತರಗತಿಯ ಸಾಲನ್ನೇ ಪ್ರಾರ್ಥನೆಯಲ್ಲಿ ನೋಡಿ. ಅದಕ್ಕೇ ಆಕ್ಲೆಂಡ್ ಕಡೆ ವಯಸ್ಸಿನ ಜೊತೆ ತೂಕವನ್ನೂ ನೋಡುವ ತಂಡಗಳಿವೆ. ನಮ್ಮ ಕಬಡ್ಡಿಯಲ್ಲೂ ತೂಕ ಹಾಕುತ್ತಾರಲ್ಲ, ಹಾಗೆ. ಆದರೆ ತೂಕ ಮೀರಿದ ಹುಡುಗ ಏನು ಮಾಡಬೇಕು? ಅವನು ತನಗಿಂತ ದೊಡ್ಡವರ ಜೊತೆ ಆಡಬೇಕಾಗುತ್ತದೆ. ಮೈ ಹನ್ನೆರಡರದ್ದಾದರೂ ಬುದ್ಧಿ ಹತ್ತರದ್ದೇ, ಗೆಳೆಯರೆಲ್ಲ ಇನ್ನೊಂದು ತಂಡದಲ್ಲಿ. ಸಣ್ಣವನನ್ನು ಉಳಿಸಲು ಹೋಗಿ ದಪ್ಪಗಿರುವವನನ್ನು ಒಂಟಿ ಮಾಡಿದ ಹಾಗೆ ಅಲ್ವಾ? ಮಾವನನ್ನು ಕೇಳಿದೆ. ಅವರೂ ಸ್ವಲ್ಪ ಹೊತ್ತು ಸುಮ್ಮನಿದ್ದು, ತೂಕ ನೋಡುವುದೇ ಸರಿ, ನಮ್ಮವನು ಕಡ್ಡಿ ಅಂದರು. ದಪ್ಪ ಹುಡುಗನ ಅಪ್ಪ ಏನಂತಾರೋ ಕೇಳಬೇಕಿತ್ತು.

ಕೊನೆಯದಾಗಿ ತಲೆಗೆ ಬೀಳುವ ಪೆಟ್ಟಿನ ಬಗ್ಗೆ. ನಾನು ಈ ಲೇಖನ ಬರೆಯಲು ಮುಖ್ಯ ಕಾರಣ ಇದೇ. ತಲೆಗೆ ಜೋರಾಗಿ ತಾಗಿದಾಗ ಮಿದುಳು ಒಳಗೇ ಅಲುಗುತ್ತದೆ, ಇದಕ್ಕೆ ಕನ್ಕಷನ್ ಅಂತಾರೆ. ರಕ್ತ ಬರಬೇಕೆಂದಿಲ್ಲ, ಎಚ್ಚರ ತಪ್ಪಬೇಕೆಂದೂ ಇಲ್ಲ. ತಲೆನೋವು, ವಾಂತಿ, ಮಂಕು, ಈಗ ತಾನೆ ಆದದ್ದು ಮರೆತುಹೋಗುವುದು, ಇವು ಅದರ ಗುರುತು. ಅದು ವಾಸಿಯಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಬಹಳ ಅಪಾಯ, ಜೀವಕ್ಕೂ ಬರಬಹುದು. ಮಕ್ಕಳಿಗಂತೂ ಇದು ದೊಡ್ಡವರಿಗಿಂತ ನಿಧಾನವಾಗಿ ವಾಸಿಯಾಗುತ್ತದೆ.

ಫುಟ್‌ಬಾಲಿನಲ್ಲಿ ಹಳದಿ, ಕೆಂಪು ಕಾರ್ಡು ನೀವು ನೋಡಿದ್ದೀರಿ. ನ್ಯೂಜಿಲೆಂಡಿನ ಕ್ಲಬ್ ರಗ್ಬಿಯಲ್ಲಿ ನೀಲಿ ಕಾರ್ಡು ಅಂತ ಒಂದಿದೆ. ಇದು ಶಿಕ್ಷೆ ಅಲ್ಲ. ಯಾರಿಗಾದರೂ ತಲೆಗೆ ಪೆಟ್ಟಾಗಿದೆ ಅಂತ ಅನುಮಾನ ಬಂದರೆ ಸಾಕು, ರೆಫರಿ ನೀಲಿ ಕಾರ್ಡು ತೋರಿಸುತ್ತಾರೆ. ಆವತ್ತು ಮತ್ತೆ ಮೈದಾನಕ್ಕೆ ಇಳಿಯುವಂತಿಲ್ಲ. ಡಾಕ್ಟರು ನೋಡಬೇಕು. ಕನಿಷ್ಠ ಮೂರು ವಾರ ಪಂದ್ಯ ಇಲ್ಲ. ಮೊದಲು ವಿಶ್ರಾಂತಿ, ಆಮೇಲೆ ನಡಿಗೆ, ಓಟ, ಅಭ್ಯಾಸ, ಡಾಕ್ಟರು ಸರಿ ಅಂದ ಮೇಲೆ ಪಂದ್ಯ. ನಾನು ಚೆನ್ನಾಗಿದ್ದೀನಿ ಸಾರ್ ಅಂದರೂ ಕೇಳುವುದಿಲ್ಲ. ಮಾವನ ಮಗನ ಗೆಳೆಯನೊಬ್ಬನಿಗೆ ಹೀಗೆ ಕಾರ್ಡು ಸಿಕ್ಕಾಗ, ತಪ್ಪೇ ಮಾಡಿಲ್ಲವಲ್ಲ ಅಂತ ಅತ್ತುಬಿಟ್ಟನಂತೆ. 2023ರಲ್ಲಿ ಇನ್ನೊಂದು ನಿಯಮ ತಂದರು. ಕ್ಲಬ್ ಪಂದ್ಯಗಳಲ್ಲಿ ಮೊದಲು ಹಿಡಿಯುವವರು ಎದೆಮೂಳೆಗಿಂತ ಕೆಳಗೆ, ಅಂದರೆ ಹೊಟ್ಟೆಯ ಹತ್ತಿರ ಹಿಡಿಯಬೇಕು. ತಲೆಗೆ ತಲೆ ಬಡಿಯದಿರಲಿ ಅಂತ.

ನಮ್ಮಲ್ಲಿ ಏನು ಮಾಡ್ತೀವಿ? ಮುಖಕ್ಕೆ ನೀರು ಚಿಮುಕಿಸಿ, ಏಳೋ ಏನೂ ಆಗಿಲ್ಲ ಅಂತ ಎಬ್ಬಿಸಿ ಮುಂದಿನ ರೈಡಿಗೆ ಕಳಿಸ್ತೀವಿ. ಎದ್ದವನನ್ನು ಗಂಡೆದೆ ಅಂತ ಹೊಗಳ್ತೀವಿ. ನೀಲಿ ಕಾರ್ಡಿಗೆ ಖರ್ಚೇನೂ ಇಲ್ಲ, ಒಂದು ನೀಲಿ ಡ್ರಾಯಿಂಗ್ ಶೀಟು ಸಾಕು. ಕಬಡ್ಡಿ ಪಂದ್ಯಕ್ಕೂ ಇದು ಬೇಕು ಅಂತ ನಾನು ಪಿ.ಟಿ. ಮೇಷ್ಟ್ರನ್ನು ಈ ಮೂಲಕ ಕೇಳಿಕೊಳ್ಳುತ್ತೇನೆ.

ರಗ್ಬಿ ನಮ್ಮ ದೇಶಕ್ಕೆ ಹೊಸದೇನಲ್ಲ. ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡ್ 1879ರಿಂದ ಆಡುತ್ತಿರುವ ಕಲ್ಕತ್ತಾ ಕಪ್ಪನ್ನು ಮಾಡಿದ್ದು ಕಲ್ಕತ್ತೆಯ ಕ್ಲಬ್ಬೊಂದು ಮುಚ್ಚಿದಾಗ ಉಳಿದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ. 2007ರಲ್ಲಿ ಲಂಡನ್ನಿನಲ್ಲಿ 14 ವರ್ಷದೊಳಗಿನ ಶಾಲಾ ಮಕ್ಕಳ ಅಂತರರಾಷ್ಟ್ರೀಯ ಪಂದ್ಯಾವಳಿ ಗೆದ್ದವರು ಯಾರು ಗೊತ್ತೇ? ಒಡಿಶಾದ ಭುವನೇಶ್ವರದ ಶಾಲೆಯೊಂದರ ಆದಿವಾಸಿ ಹುಡುಗರು.

ಮಾವನ ಮಗ ಹೋಗುವಾಗ ಒಂದು ಹಳೆಯ ಚೆಂಡು ಬಿಟ್ಟುಹೋಗಿದ್ದಾನೆ. 3ನೇ ನಂಬರಿನದು, ಐದನೇ ತರಗತಿಯವರ ಕೈಗೂ ಸರಿಹೋಗುತ್ತದೆ. ಅದನ್ನು ಪಿ.ಟಿ. ಮೇಷ್ಟ್ರ ಕೈಗೆ ಕೊಟ್ಟಿದ್ದೇನೆ. ಬುಧವಾರ ಕೊನೆಯ ಪೀರಿಯಡ್ಡಿನಲ್ಲಿ ಬಾಲ ಕೀಳುವ ಆಟ ಆಡಿಸೋಣ ಅಂದಿದ್ದಾರೆ. ಒಬ್ಬರಿಗೆ ಎರಡರಂತೆ ಹದಿನಾಲ್ಕು ಜನಕ್ಕೆ 28 ಬಾಲ ಬೇಕು. ಹಳೆಯ ಜಡೆ ರಿಬ್ಬನ್ನು ಇದ್ದವರು ತನ್ನಿ. ಇಲ್ಲಿಯವರೆಗೆ ಹನ್ನೊಂದು ಸಿಕ್ಕಿವೆ.