ಹೊಲದ ಕೈ, ಹೆದ್ದಾರಿಯ ಗಾಡಿ

ನಮ್ಮ ಬೀದರ್ ಜಿಲ್ಲೆಯ ಔರಾದ್, ಭಾಲ್ಕಿ ಕಡೆ ಬೈಕ್ ಕಲಿಯುವ ಶಾಲೆ ಅಂದರೆ ಹೊಲದ ದಾರಿ. ಅಪ್ಪನ ಹಳೇ ಸ್ಪ್ಲೆಂಡರ್, ಎರೆಮಣ್ಣಿನಲ್ಲಿ ಬಿದ್ದ ಟ್ರ್ಯಾಕ್ಟರ್ ಗಾಲಿಯ ಜಾಡು, ಎರಡು ಸಲ ಬಿದ್ದೆದ್ದರೆ ಕ್ಲಚ್ ಕೈಗೆ ಹತ್ತಿತು ಎಂದೇ ಲೆಕ್ಕ. ಡರ್ಟ್ ಬೈಕ್ ಎಂದು ಬೇರೆಯೇ ಗಾಡಿ ಕೊಳ್ಳುವವರು ಇಲ್ಲಿ ಕಡಿಮೆ. ಆದರೆ ಮಣ್ಣಿನಲ್ಲಿ ಪಳಗಿದ ಕೈಗಳಿಗೆ ಬರವಿಲ್ಲ. ಅಂಥ ಹುಡುಗ ಮೊದಲ ಸ್ವಂತ ಗಾಡಿ ತಂದು, ಬೀದರ್ ಆರ್‌ಟಿಒದ ಕೆಎ-38 ಅಥವಾ ಭಾಲ್ಕಿಯ ಕೆಎ-39 ನಂಬರ್ ಹಾಕಿಸಿ ಹೆದ್ದಾರಿಗೆ ಇಳಿಯುತ್ತಾನೆ. ಹೊಲ ಕಲಿಸಿದ್ದರಲ್ಲಿ ಕೆಲವು ಪಾಠ ಅಲ್ಲಿಂದಲೇ ಉಲ್ಟಾ ಹೊಡೆಯತೊಡಗುತ್ತವೆ.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ ಇದು: "ಮುಂದಿನ ಬ್ರೇಕ್ ಮುಟ್ಟಬ್ಯಾಡೋ, ಪಲ್ಟಿ ಆಗ್ತಿ." ರಾಡಿಯಲ್ಲಿ ಈ ಮಾತು ಖರೆ. ಸಡಿಲ ಮಣ್ಣಲ್ಲಿ ಮುಂದಿನ ಗಾಲಿ ಲಾಕ್ ಆದರೆ ಹ್ಯಾಂಡಲ್ ಕೈಬಿಟ್ಟು ಹೋಗುತ್ತದೆ, ಗಾಡಿ ಮಲಗುತ್ತದೆ. ಅದಕ್ಕೇ ಅಲ್ಲಿ ಬಲಗಾಲಿನ ಬ್ರೇಕೇ ದೇವರು. ಒಣ ಡಾಂಬರಿನ ಮೇಲೆ ಲೆಕ್ಕ ತಿರುಗುತ್ತದೆ. ಬ್ರೇಕ್ ಬಿದ್ದ ಕೂಡಲೇ ಗಾಡಿಯ ಭಾರ, ಕೂತವನ ಭಾರ ಎರಡೂ ಮುಂದಕ್ಕೆ ಸರಿದು ಮುಂದಿನ ಟೈರನ್ನು ನೆಲಕ್ಕೆ ಅದುಮುತ್ತವೆ; ಹಿಂದಿನ ಗಾಲಿ ಹಗುರಾಗುತ್ತದೆ. ನಿಲ್ಲಿಸುವ ಶಕ್ತಿಯ ಮುಕ್ಕಾಲು ಪಾಲು ಆಗ ಮುಂದಿನದರಲ್ಲೇ ಇರುತ್ತದೆ. ಹಗುರಾದ ಹಿಂದಿನ ಗಾಲಿಯನ್ನು ಕಾಲಲ್ಲಿ ತುಳಿದರೆ ಅದು ಲಾಕ್ ಆಗಿ ಅಡ್ಡಡ್ಡ ಜಾರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಪಲ್ಟಿಯ ಭಯಕ್ಕೆ ಕಾರಣ ಬ್ರೇಕ್ ಅಲ್ಲ, ಅದನ್ನು ಒಮ್ಮೆಲೇ ಜಗ್ಗುವ ಕೈ. ಎರಡು ಬೆರಳು ಲಿವರ್ ಮೇಲಿಟ್ಟು ಮೊದಲು ಮೆಲ್ಲಗೆ ಹಿಡಿಯಬೇಕು. ಮುಂದಿನ ಶಾಕ್ ಕುಗ್ಗಿ ಭಾರ ಮುಂದೆ ಬಂದದ್ದು ಅಂಗೈಗೆ ತಿಳಿಯುತ್ತದೆ; ಆಮೇಲೆ ಬಿಗಿ ಹೆಚ್ಚಿಸಬೇಕು. ಇದು ಓದಿ ಬರುವ ವಿದ್ಯೆಯಲ್ಲ. ಬೆಳಗಿನ ಖಾಲಿ ಮೈದಾನದಲ್ಲಿ, ಗಟ್ಟಿ ನೆಲದ ಮೇಲೆ, 30ರ ವೇಗದಿಂದ ನಿಲ್ಲಿಸಿ ನಿಲ್ಲಿಸಿ ಕೈಗೆ ಕಲಿಸಬೇಕು.

ಹೊಸ ಗಾಡಿಗಳಲ್ಲಿ ಎಬಿಎಸ್ ಇದೆಯಲ್ಲ ಎನ್ನುವವರಿಗೂ ಒಂದು ಮಾತು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕವಕ್ಕೆ ಸಿಬಿಎಸ್ ಇದ್ದರೂ ನಡೆಯುತ್ತದೆ ಎಂದಾಯಿತು. ಸಿಬಿಎಸ್ ಗಾಡಿಯಲ್ಲಿ ಕಾಲಿನ ಬ್ರೇಕ್ ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಎಬಿಎಸ್ ಗಾಲಿ ಲಾಕ್ ಆಗದಂತೆ ತಡೆಯುತ್ತದೆ, ಅಷ್ಟೇ. ಗರಸಿನ ಮೇಲೆ ಗಾಡಿ ಬೇಗ ನಿಂತೀತು ಎಂಬ ಭರವಸೆಯನ್ನು ಅದು ಕೊಡುವುದಿಲ್ಲ, ಅಲ್ಲಿ ನಿಲ್ಲುವ ದೂರ ಹೆಚ್ಚಲೂಬಹುದು. ಸಿಂಗಲ್ ಚಾನೆಲ್ ಆಗಿದ್ದರೆ ಕಾವಲು ಮುಂದಿನ ಗಾಲಿಗೆ ಮಾತ್ರ.

"ಕಚ್ಚಾ ದಾರಿನೇ ದಾಟೀನಿ, ಈ ನುಣ್ಣನ ರಸ್ತೆ ಏನ್ ಮಹಾ?" ಎಂಬುದು ಇನ್ನೊಂದು. ನುಣುಪೇ ಇಲ್ಲಿ ಮೋಸ. ಹೊಲದ ದಾರಿಯಲ್ಲಿ 30 ದಾಟಿದರೆ ಮೈಯೆಲ್ಲ ಕುಲುಕಿ ವೇಗ ತಾನೇ ಗೊತ್ತಾಗುತ್ತದೆ. ಔರಾದ್ ರಸ್ತೆಯಲ್ಲಿ 80 ಕೂಡ 50ರಂತೆ ಅನಿಸುತ್ತದೆ. ಒಳ್ಳೇ ಟೈರ್, ಒಣ ರಸ್ತೆ ಇದ್ದು ಬ್ರೇಕ್ ಸರಿಯಾಗಿ ಬಿದ್ದರೆ 40ರ ವೇಗದಿಂದ ನಿಲ್ಲಲು ಸುಮಾರು 9 ಮೀಟರ್ ಬೇಕು. 80ರಿಂದ ನಿಲ್ಲಲು 18 ಅಲ್ಲ, 36 ಮೀಟರ್. ಅದರ ಮೇಲೆ, ಕಣ್ಣು ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ 22 ಮೀಟರ್ ಸರಿದುಹೋಗಿರುತ್ತದೆ.

ಆ ದೂರದೊಳಗೆ ಏನಿರುತ್ತದೆ ಎಂಬುದು ನಮ್ಮ ಜಿಲ್ಲೆಯಲ್ಲಿ ತಿಂಗಳಿಗೊಂದು ಬಗೆ. ಮಳೆಗಾಲದಲ್ಲಿ ಹೊಲದಿಂದ ರಸ್ತೆಗೆ ಏರಿದ ಟ್ರ್ಯಾಕ್ಟರ್ ತನ್ನ ಗಾಲಿಯಲ್ಲಿ ಅಂಟಿದ ಎರೆಮಣ್ಣನ್ನು ಡಾಂಬರಿನ ಮೇಲೆ ಉದುರಿಸುತ್ತಾ ಹೋಗುತ್ತದೆ. ಅದರ ಮೇಲೆ ಜಿಟಿಜಿಟಿ ಹನಿ ಬಿದ್ದರೆ ಸಾಬೂನು ಸವರಿದ ಬಚ್ಚಲ ಕಲ್ಲೇ ಸರಿ. ಸೋಯಾ ರಾಶಿಯ ಹೊತ್ತಿಗೆ ಅರ್ಧ ರಸ್ತೆ ಕಣವಾಗಿ ಹೊಟ್ಟು, ಕಾಳು ಹರಡಿರುತ್ತದೆ. ಚಳಿಗಾಲದಲ್ಲಿ ಕಬ್ಬಿನ ಸೀಸನ್: ಕಾರ್ಖಾನೆಗೆ ಹೊರಟ ಟ್ರಾಲಿಗಳು, ಎಷ್ಟೋ ಸಲ ಹಿಂದೆ ಕೆಂಪು ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಹೊಲದ ಅನುಭವ ನಿಜವಾಗಿ ಕೆಲಸಕ್ಕೆ ಬರುವುದು ಈ ರಾಡಿಯ ಪಟ್ಟಿಯಲ್ಲೇ: ಬ್ರೇಕ್ ಜಗ್ಗದೆ, ಗಾಡಿ ವಾಲಿಸದೆ, ಎಕ್ಸಲೇಟರ್ ಒಂದೇ ಸಮ ಹಿಡಿದು ನೆಟ್ಟಗೆ ದಾಟುವುದು. ಆದರೆ ಪಟ್ಟಿ ಬರುವ ಮೊದಲೇ ವೇಗ ಇಳಿದಿರಬೇಕು.

ತಿರುವಿನಲ್ಲಿ ಕಾಲು ಚಾಚುವ ಶೋಕಿ ಡಾಂಬರಿನ ಮೇಲೆ ಕಾಲಿಗೇ ಅಪಾಯ. ಮಣ್ಣಲ್ಲಿ ಮೈ ನೆಟ್ಟಗಿಟ್ಟು ಗಾಡಿಯನ್ನಷ್ಟೇ ಕೆಳಗೆ ತಳ್ಳುತ್ತೇವೆ. ರಸ್ತೆಯಲ್ಲಿ ಗಾಡಿಯ ಜೊತೆಗೇ ಮೈಯೂ ವಾಲಬೇಕು, ಕಣ್ಣು ತಿರುವು ಮುಗಿಯುವ ಕಡೆ ಇರಬೇಕು. ದೊಡ್ಡ ಗಟ್ಟಿಗಳಿರುವ ಮಣ್ಣಿನ ಟೈರ್ ಎಲ್ಲ ಕಡೆಯೂ ಗಟ್ಟಿ ಹಿಡಿತ ಎಂಬುದೂ ಸುಳ್ಳು. ಡಾಂಬರಿಗೆ ತಗಲುವುದು ಆ ಗಟ್ಟಿಗಳ ತಲೆ ಮಾತ್ರ. ಒದ್ದೆ ರಸ್ತೆಯಲ್ಲಿ ಅದು ಇನ್ನೂ ಕಡಿಮೆ ಹಿಡಿಯುತ್ತದೆ.

ಇನ್ನು, ರೇಸಿನ ಡರ್ಟ್ ಬೈಕಿಗೆ ಲೈಟು, ಕನ್ನಡಿ ಹಾಕಿಸಿದರೆ ನಂಬರ್ ಸಿಗುತ್ತದೆ ಎಂದು ಮೆಕ್ಯಾನಿಕ್ ಹೇಳಿದರೆ ನಂಬಬೇಡಿ. ರಸ್ತೆಗೆಂದು ಮಂಜೂರಾದ ಮಾದರಿಯಲ್ಲದಿದ್ದರೆ ನೋಂದಣಿ ಇಲ್ಲ, ನೋಂದಣಿ ಇಲ್ಲದಿದ್ದರೆ ವಿಮೆಯೂ ಇಲ್ಲ. ಎರಡೂ ಕಡೆ ಓಡುವ ಗಾಡಿಯೇ ಬೇಕೆಂದರೆ ಹೀರೋ ಎಕ್ಸ್‌ಪಲ್ಸ್‌ನಂಥ ನೋಂದಣಿಯಾಗುವ ಬೈಕುಗಳಿವೆ. ಮೊದಲ ಗಾಡಿಯೇ ಬುಲೆಟ್ ಆಗಬೇಕು ಎಂಬ ಹಟದ ಬಗ್ಗೆ ನನ್ನ ಅಭಿಪ್ರಾಯ ನೇರ: 112 ಕೆಜಿಯ ಸ್ಪ್ಲೆಂಡರ್ ಮೇಲೆ ಪಳಗಿದ ಕೈಗೆ 195 ಕೆಜಿಯ ಗಾಡಿ ಒಂದು ವರ್ಷ ಕಾಯಲಿ.

ಹೆಲ್ಮೆಟ್ ವಿಷಯಕ್ಕೆ ಬಂದರೆ, "ಊರಾಗಷ್ಟೇ ಅಡ್ಡಾಡ್ತೀನಿ" ಎಂಬ ನೆಪಕ್ಕೆ ಅಂಕಿ ಸಾಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44ಕ್ಕಿಂತ ಹೆಚ್ಚು ಜನ ದ್ವಿಚಕ್ರದವರು. ಹೆಲ್ಮೆಟ್ ಸಾವಿನ ಅಪಾಯವನ್ನು ಶೇ 42ರಷ್ಟು, ತಲೆಪೆಟ್ಟಿನ ಅಪಾಯವನ್ನು ಶೇ 69ರಷ್ಟು ತಗ್ಗಿಸುತ್ತದೆ. ಆದರೆ ಐಎಸ್ಐ ಗುರುತು ಇರಬೇಕು, ಗದ್ದದ ಪಟ್ಟಿ ಬಿಗಿದಿರಬೇಕು. ಹ್ಯಾಂಡಲಿಗೆ ನೇತುಬಿದ್ದ ಹೆಲ್ಮೆಟ್ ಕಾಯುವುದು ಹ್ಯಾಂಡಲನ್ನೇ.

ಕೊನೆಗೆ ಅಪ್ಪಂದಿರಿಗೆ. ಹೊಲದಲ್ಲಿ ಹದಿಮೂರಕ್ಕೇ ಓಡಿಸಿದ ಎಂಬ ಹೆಮ್ಮೆ ಮನೆಯಲ್ಲೇ ಇರಲಿ. ಗೇರ್ ಗಾಡಿಯ ಲೈಸೆನ್ಸಿಗೆ 18 ತುಂಬಬೇಕು. ಅದಕ್ಕೂ ಮೊದಲು ಮಗ ರಸ್ತೆಯಲ್ಲಿ ಅಪರಾಧಕ್ಕೆ ಸಿಕ್ಕರೆ, 2019ರಲ್ಲಿ ಸೇರಿಸಿದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು: ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.